ಕ್ಯಾಪ್ಟನ್ ಕುಡಿಯದ ವೈನ್

ನಮ್ಮ ತೂಬಗೆರೆ ಕಡೆಯಿಂದ ಈ ವರ್ಷ ಇಬ್ಬರು ಪ್ರವಾಸಿ ಹಡಗಿನ ಕೆಲಸಕ್ಕೆ ಹೊರಟಿದ್ದಾರೆ. ಒಬ್ಬ ಅಡುಗೆಮನೆಗೆ, ಒಬ್ಬಳು ಕೋಣೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. ಹೋಗುವ ಮುಂಚೆ ಮನೆಗೆ ಬಂದಿದ್ದರು. "ಅಂಕಲ್, ನೀವು ಹಡಗಲ್ಲಿ ಏನ್ ಮಾಡ್ತಿದ್ರಿ? ಕಡಲ್ಗಳ್ಳರನ್ನ ಹಿಡೀತಿದ್ರಾ?" ಎಂದು ಕೇಳಿದರು. ಸೆಕ್ಯುರಿಟಿ ಎಂದರೆ ಬಂದೂಕು ಹಿಡಿದು ಸಮುದ್ರ ನೋಡುತ್ತ ನಿಲ್ಲುವುದು ಎಂದುಕೊಂಡಿದ್ದರು. "ಇಲ್ಲಪ್ಪ, ಜನ ಚೀಲದಲ್ಲಿ ತರೋ ವೈನ್ ಬಾಟ್ಲು ಹಿಡೀತಿದ್ದೆ" ಎಂದೆ. ಇಬ್ಬರೂ ನಕ್ಕರು. ಜಯಮ್ಮ ಇದ್ದಿದ್ದರೆ ಅವಳೂ ನಗುತ್ತಿದ್ದಳು. ಜಯಮ್ಮ ನನ್ನ ಹೆಂಡತಿ. ಅವಳು ಹೋಗಿ ಒಂದೂವರೆ ವರ್ಷವಾಯಿತು.

ಅವರಿಗೆ ಹೇಳಬೇಕಾದದ್ದು ಇನ್ನೂ ಇತ್ತು. ಆವತ್ತು ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲ ಸರಿಯಾದ ಕ್ರಮದಲ್ಲಿ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಈಗೀಗ ಯಾವುದು ಮೊದಲು ನಡೆದದ್ದು, ಯಾವುದು ಆಮೇಲೆ ಎಂಬುದು ನನಗೇ ಕಲಸಿಹೋಗುತ್ತದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯಕ್ಕೆ ಸೇರಿದವನು. ಅಲ್ಲಿಂದ ಬಿಡುಗಡೆಯಾಗಿ ಊರಿಗೆ ಬಂದಾಗ ನನಗೆ ಇನ್ನೂ ನಲವತ್ತು ಆಗಿರಲಿಲ್ಲ. ಎರಡು ಹಸು, ಒಂದು ದ್ರಾಕ್ಷಿ ಚಪ್ಪರ ಇದ್ದವು. ಮುಂಬಯಿಯ ಏಜೆಂಟರೊಬ್ಬರು ಮಾಜಿ ಸೈನಿಕರನ್ನು ಹಡಗಿನ ಸೆಕ್ಯುರಿಟಿಗೆ ತೆಗೆದುಕೊಳ್ಳುತ್ತಾರೆಂದು ಜೊತೆಯವನೊಬ್ಬ ಹೇಳಿದ. ಹೋದೆ. ಆಮೇಲೆ ಹದಿನೆಂಟು ವರ್ಷ, ಎಂಟು ಒಂಬತ್ತು ತಿಂಗಳು ಹಡಗು, ಎರಡು ಮೂರು ತಿಂಗಳು ಊರು. ಚಪ್ಪರವನ್ನೂ ಹಸುಗಳನ್ನೂ ಜಯಮ್ಮನೇ ನೋಡಿಕೊಂಡಳು.

ಹಡಗಿನ ಮೆಟ್ಟಿಲ ಬಾಯಲ್ಲಿ ಒಂದು ಎಕ್ಸ್‌ರೇ ಮಿಷಿನ್ ಇರುತ್ತದೆ. ಬಂದವರ ಚೀಲಗಳೆಲ್ಲ ಅದರೊಳಗೆ ಹಾದುಹೋಗಬೇಕು. ಹಡಗಿನಲ್ಲೇ ಬಾರುಗಳಿರುವುದರಿಂದ ಹೊರಗಿನ ಮದ್ಯ ತರುವಂತಿಲ್ಲ. ಆದರೆ ವೈನ್ ತರಬಹುದು. ಆದರೆ ಒಬ್ಬರಿಗೆ ಒಂದೇ ಬಾಟಲಿ. ಆದರೆ ಮೊದಲ ದಿನ ಹತ್ತುವಾಗ ಮಾತ್ರ, ಅದೂ ಕೈಚೀಲದಲ್ಲಿ, ಕಂಪನಿಯ ಲೇಬಲ್ ಇದ್ದು ಮುಚ್ಚಳ ಒಡೆಯದೆ ಇರಬೇಕು. ಕೋಣೆಯಲ್ಲಿ ಕುಡಿದರೆ ಒಂದು ನಿಯಮ, ಊಟದ ಹಾಲಿನಲ್ಲಿ ಬಿಚ್ಚಿಸಿದರೆ ಅದಕ್ಕೆ ಬೇರೆ ಶುಲ್ಕ. ನಡುವೆ ಬಂದರಿನಲ್ಲಿ ಇಳಿದು ಕೊಂಡು ತಂದ ಬಾಟಲಿಯನ್ನು ನಾವು ಇಟ್ಟುಕೊಂಡು ಕೊನೆಯ ದಿನ ವಾಪಸ್ ಕೊಡಬೇಕು. ಈ ನಿಯಮಗಳು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿದ್ದವು. ಒಂದು ಹಡಗಿನಲ್ಲಿ ಬಿಡುವುದನ್ನು ಇನ್ನೊಂದರಲ್ಲಿ ಹಿಡಿಯುತ್ತಿದ್ದೆವು. ಮೊದಲ ವರ್ಷವೆಲ್ಲ ನಾನು ನಿಯಮದ ಹಾಳೆಯನ್ನು ಜೇಬಿನಲ್ಲೇ ಇಟ್ಟುಕೊಂಡು, ಪ್ರಯಾಣಿಕರ ಎದುರಿಗೇ ಬಿಡಿಸಿ ಓದುತ್ತಿದ್ದೆ.

ಹಿಡಿದ ಬಾಟಲಿಯನ್ನು ಪುಸ್ತಕದಲ್ಲಿ ಬರೆದು, ಅದಕ್ಕೆ ಹಳದಿ ರಟ್ಟಿನ ಚೀಟಿ ಕಟ್ಟುತ್ತಿದ್ದೆವು. ಚೀಟಿಯ ನಡುವೆ ತೂತುಗಳ ಸಾಲು. ಎರಡೂ ಅರ್ಧದಲ್ಲಿ ಕೋಣೆಯ ನಂಬರು, ಹೆಸರು ಬರೆದು, ಒಂದರ್ಧ ಬಾಟಲಿಯ ಕತ್ತಿಗೆ, ಇನ್ನರ್ಧ ಹರಿದು ಪ್ರಯಾಣಿಕರ ಕೈಗೆ. ಕೊನೆಯ ದಿನ ಸಂಜೆ ಬಾಟಲಿಯನ್ನು ಅವರವರ ಕೋಣೆಯ ಬಾಗಿಲ ಮುಂದಿಟ್ಟು, ತಟ್ಟಿ, ಚೀಟಿಯ ಎರಡರ್ಧ ಕೂಡಿಸಿ ನೋಡಿ ಕೊಡಬೇಕು. ಬಾಗಿಲು ತೆರೆಯದಿದ್ದರೆ ವಾಪಸ್ ತರಬೇಕು.

ನನ್ನ ಮೊದಲ ತಪ್ಪು ಅಲ್ಲೇ ಆಯಿತು. ಒಂದು ಸಲ ಅವಸರದಲ್ಲಿ ಹೆಸರು ಬರೆಯದೆ ಕೋಣೆಯ ನಂಬರು ಮಾತ್ರ ಬರೆದೆ. ಆ ಕೋಣೆಯವರು ನಡುವೆ ಬೇರೆ ಕೋಣೆಗೆ ಹೋಗಿದ್ದರು. ಅವರ ದುಬಾರಿ ಶಾಂಪೇನನ್ನು ನಾನು ಹಳೆಯ ನಂಬರಿನ ಬಾಗಿಲ ಮುಂದಿಟ್ಟು, ಚೀಟಿ ಕೇಳದೆ ಬಂದುಬಿಟ್ಟೆ. ಅಲ್ಲಿ ಈಗ ಇದ್ದದ್ದು ಮದುವೆಯಾಗಿ ಐವತ್ತು ವರ್ಷ ಆದ ಒಂದು ಮುದಿ ಜೋಡಿ. ಹಡಗಿನವರೇ ಉಡುಗೊರೆ ಇಟ್ಟಿದ್ದಾರೆಂದು ಇಬ್ಬರೂ ಸಂತೋಷವಾಗಿ ಕುಡಿದು, ಕಣ್ಣೀರು ಬರುವಂಥ ಒಂದು ಪತ್ರ ಬರೆದಿದ್ದರು. ಅದೇ ಹೊತ್ತಿಗೆ ಬಾಟಲಿಯವರ ದೂರೂ ಬಂತು.

ನನ್ನ ಮೇಲಿನ ಅಧಿಕಾರಿ ಗುರುಂಗ್ ಸಾಹೇಬರು. ನೇಪಾಳದವರು, ಅವರೂ ಸೈನ್ಯದಿಂದ ಬಂದವರು. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಎರಡೂ ಕಾಗದಗಳನ್ನು ಮೇಜಿನ ಮೇಲಿಟ್ಟು, "ಗೌಡ, ಒಂದ್ರಲ್ಲಿ ನಿನ್ನ ದೇವರು ಅಂದಿದ್ದಾರೆ, ಒಂದ್ರಲ್ಲಿ ಕಳ್ಳ ಅಂದಿದ್ದಾರೆ. ಯಾವುದನ್ನ ನಿನ್ನ ಫೈಲಿಗೆ ಹಾಕ್ಲಿ?" ಎಂದರು. ಆಮೇಲೆ ತಾವೇ ಎರಡನ್ನೂ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. "ಇನ್ಮೇಲೆ ಹೆಸರು ಬರಿ. ಬಾಗಿಲು ತಟ್ಟು. ಚೀಟಿ ಕೂಡ್ಸಿ ನೋಡು."

ಕೆಲಸ ಕಲಿಸಿದವರು ಅವರೇ. ಬಾಯಿ ಮುಕ್ಕಳಿಸುವ ಔಷಧಿಯ ಬಾಟಲಿಗೆ ಬಣ್ಣ ಹಾಕಿದ ವೋಡ್ಕಾ ತುಂಬಿ ತರುವವರಿದ್ದರು. "ಅಲ್ಲಾಡ್ಸು, ನೊರೆ ನೋಡು" ಎನ್ನುವರು. ಔಷಧಿಯ ನೊರೆ ನಿಲ್ಲುತ್ತದೆ, ವೋಡ್ಕಾದ್ದು ತಕ್ಷಣ ಒಡೆಯುತ್ತದೆ. ಶಾಂಪೂ ಡಬ್ಬಿ, ಮಗುವಿನ ಹಾಲಿನ ಬಾಟಲಿ, ದುರ್ಬೀನಿನ ಆಕಾರದ ಫ್ಲಾಸ್ಕು, ಎಲ್ಲ ನೋಡಿದ್ದೇನೆ. ಇದೆಲ್ಲ ಕಲಿತ ಹುಮ್ಮಸ್ಸಿನಲ್ಲಿ ಒಂದು ಸಲ ಕೇರಳದ ಒಬ್ಬ ಅಜ್ಜಿಯ ಚೀಲದಿಂದ ಆಯುರ್ವೇದದ ಅರಿಷ್ಟದ ಬಾಟಲಿ ತೆಗೆದೆ. ಕಂದು ಬಣ್ಣ, ಹುಳಿತ ವಾಸನೆ, ನೊರೆ ನಿಲ್ಲಲಿಲ್ಲ.

"ಇದು ಮದ್ಯ ಅಮ್ಮ" ಎಂದೆ ಹಿಂದಿಯಲ್ಲಿ.

"ಮದ್ಯವಾ? ನಮ್ಮಮ್ಮ ಬಾಣಂತಿಗೆ ಕುಡಿಸ್ತಿದ್ದಿದ್ದು ಮದ್ಯವಾ? ನಿಮ್ಮಮ್ಮ ನಿನ್ನ ಹೆತ್ತಾಗ ಏನು ಕುಡಿದಳು, ಹೋಗಿ ಕೇಳು!" ಎಂದು ಅಜ್ಜಿ ಅಡ್ಡ ನಿಂತಳು. ಹಿಂದಿನ ಸಾಲೆಲ್ಲ ನಿಂತುಹೋಯಿತು. ಹಡಗಿನ ಡಾಕ್ಟರನ್ನು ಕರೆಸಿದೆವು. ಅವರು ಲೇಬಲ್ ಓದಿ, ಇದರಲ್ಲಿ ಮದ್ಯದ ಅಂಶ ಇದೆ, ಆದರೆ ಔಷಧಿ ಎಂದರು. ಹಾಗಾದರೆ ಬಿಡಬೇಕೋ ಹಿಡಿಯಬೇಕೋ ಎಂದು ಕೇಳಿದರೆ, ಅದು ನಿಮ್ಮ ಇಲಾಖೆ ಎಂದು ಹೊರಟುಹೋದರು. ನಾನು ಹಾಳೆ ಬಿಡಿಸಿ ನೋಡಿದೆ. ಅರಿಷ್ಟದ ಮಾತೇ ಅದರಲ್ಲಿರಲಿಲ್ಲ. ಗುರುಂಗ್ ಸಾಹೇಬರು ಆಚೆ ತಿರುಗಿಕೊಂಡು ಸಮುದ್ರ ನೋಡತೊಡಗಿದರು. ಅಜ್ಜಿ ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮೇಲೆ ಹೋದಳು.

ಸಾಹೇಬರು ಹಾಗೆ ತಿರುಗಿಕೊಂಡದ್ದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಒಂದು ಚಳಿಗಾಲ ನಮ್ಮ ಹಡಗು ಕೊಚ್ಚಿಯಿಂದ ಹೊರಟು, ನಾಲ್ಕು ರಾತ್ರಿ ಸುತ್ತಿ, ಮತ್ತೆ ಕೊಚ್ಚಿಗೇ ಬರುತ್ತಿತ್ತು. ಕೆಲಸಗಾರರು ತಮ್ಮ ಮನೆಯವರನ್ನು ಒಂದು ಸುತ್ತು ಕರೆದುಕೊಳ್ಳಬಹುದಿತ್ತು. ಜಯಮ್ಮ ಬರುತ್ತೇನೆ ಎಂದಳು. ಹಸು ನೋಡಿಕೊಳ್ಳಲು ಅವಳ ತಂಗಿ ಸರೋಜ ಹೊಸಕೋಟೆಯಿಂದ ಬಂದು ನಮ್ಮ ಮನೆಯಲ್ಲಿ ಉಳಿದಳು. ದೊಡ್ಡಬಳ್ಳಾಪುರ ದಾಟಿ ಒಬ್ಬಳೇ ಬಸ್ಸು ಹತ್ತದ ಜಯಮ್ಮ ಕೊಚ್ಚಿಯವರೆಗೆ ಒಬ್ಬಳೇ ರೈಲಿನಲ್ಲಿ ಬಂದಳು. ಹಸಿರು ಸೀರೆ ಉಟ್ಟಿದ್ದಳು. ನೀಲಿಯೋ ಏನೋ. ಈಗ ಕೇಳೋಣವೆಂದರೆ ಅವಳೇ ಇಲ್ಲ.

ಸಾಲಿನಲ್ಲಿ ಅವಳನ್ನು ಕಂಡು ಗುರುಂಗ್ ಸಾಹೇಬರು ನನ್ನ ಹತ್ತಿರ ಬಂದರು.

"ಗೌಡ, ಭಾಭಿ ಬಂದ್ರಲ್ಲ. ನೀನು ಹೋಗಿ ಟೀ ಕುಡಿದು ಬಾ. ಮಿಷಿನ್ ನಾನು ನೋಡ್ತೀನಿ."

"ಬೇಡ ಸಾಬ್. ಹೆಂಡತಿ ಅಂತ ಬಿಟ್ಟ ಅನ್ನೋ ಮಾತು ಬೇಡ. ನಾನೇ ನೋಡ್ತೀನಿ."

"ಟೀ ಬಿಸಿ ಇದೆಯಪ್ಪಾ."

"ಆಮೇಲೆ ಕುಡೀತೀನಿ ಸಾಬ್."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಪಕ್ಕಕ್ಕೆ ನಿಂತರು.

ಜಯಮ್ಮನ ಚೀಲ ಮಿಷಿನ್ನಿನೊಳಗೆ ಬಂತು. ಪರದೆಯ ಮೇಲೆ ಸ್ಟೀಲ್ ಡಬ್ಬಿ, ಅದರಲ್ಲಿ ಒಂದರ ಮೇಲೊಂದು ನಿಪ್ಪಟ್ಟು. ಪಕ್ಕದಲ್ಲಿ, ಸೀರೆಯ ಮಡಿಕೆಗಳ ನಡುವೆ ನಿಂತ ಹಾಗೆ, ಒಂದು ಬಾಟಲಿ. ತೆಗೆದೆ. ಹಳೆಯ ಖಾಲಿ ಬಾಟಲಿಗೆ ತುಂಬಿ, ಬಿರಡೆ ಹಾಕಿ, ಮೇಲೆ ಮೇಣದಬತ್ತಿಯ ಮೇಣ ಸುರಿದಿತ್ತು. ನೋಡಿದ ಕೂಡಲೇ ಗೊತ್ತಾಯಿತು. ನಮ್ಮೂರಿನ ಶಾಲೆಯ ಮೇರಿ ಟೀಚರ್ ಕ್ರಿಸ್ಮಸ್ಸಿಗೆ ಮಾಡುತ್ತಿದ್ದ ವೈನನ್ನು ಇವಳೂ ಕಲಿತಿದ್ದಳು. ನಮ್ಮ ಚಪ್ಪರದ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ಭರಣಿಯಲ್ಲಿ ಹಾಕಿ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಿಂದ ತಿರುವಬೇಕು.

"ಜಯಾ, ಇದೇನು?"

"ಮೊದ್ಲು ಹೆಂಗಿದ್ದೀಯ ಅನ್ನಿ. ಬಾಟ್ಲು ವಿಚಾರ ಆಮೇಲೆ."

ಹಿಂದಿನವರಿಗೆ ಭಾಷೆ ತಿಳಿಯದಿದ್ದರೂ ನಕ್ಕರು. ನಾನು ನಗಲಿಲ್ಲ.

"ಇದನ್ನ ತರೋ ಹಾಗಿಲ್ಲ ಕಣೆ."

"ಒಬ್ರಿಗೆ ಒಂದು ಬಾಟ್ಲು, ವೈನು ಮಾತ್ರ, ಹತ್ತೋ ದಿನ, ಕೈಚೀಲದಲ್ಲಿ ಅಂತ ಫೋನಲ್ಲಿ ನೀವೇ ಹೇಳಿದ್ರಿ. ಎಲ್ಲಾ ಸರಿಯಾಗೇ ತಂದಿದ್ದೀನಲ್ಲ?"

"ಲೇಬಲ್ ಇಲ್ಲ."

"ನಮ್ಮ ಚಪ್ಪರದ ಹಣ್ಣಿಗೆ ಲೇಬಲ್ ಯಾತಕ್ಕೆ? ಬಳ್ಳಿ ನೆಟ್ಟಿದ್ದು ನೀವೇ ಅಲ್ವಾ?"

ನಾನು ಹಳದಿ ಚೀಟಿ ತೆಗೆದು ಕೋಣೆಯ ನಂಬರು ಬರೆದೆ, ಹೆಸರು ಬರೆದೆ. ಅರ್ಧ ಹರಿದು ಅವಳ ಕೈಗೆ ಕೊಟ್ಟೆ. "ಕೊನೇ ದಿನ ವಾಪಸ್ ಕೊಡ್ತೀನಿ" ಎಂದೆ. ಅದು ಆಗುವುದಿಲ್ಲವೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಲೇಬಲ್ ಇಲ್ಲದ, ಮನೆಯಲ್ಲಿ ಮಾಡಿದ ಮದ್ಯವನ್ನು ಇಟ್ಟುಕೊಳ್ಳುವಂತಿಲ್ಲ, ಚೆಲ್ಲಬೇಕು. ಆದರೆ ಅಷ್ಟು ಜನರ ಎದುರು ಅದನ್ನು ಅವಳಿಗೆ ಹೇಳಲಾಗಲಿಲ್ಲ. ಅವಳು ಚೀಟಿಯನ್ನು ಓದಿ, "ನನ್ನ ಹೆಸರು ಎಷ್ಟು ಚೆನ್ನಾಗಿ ಬರೆದಿದ್ದೀರಿ" ಎಂದು ಪರ್ಸಿನಲ್ಲಿಟ್ಟುಕೊಂಡು ಮೇಲೆ ಹೋದಳು.

ಸಾಲು ಮುಗಿದ ಮೇಲೆ ಸಾಹೇಬರು ಬಂದರು. "ಟೀ ಕುಡಿ ಅಂತ ಹೇಳಿದೆ. ಎರಡು ಸಲ ಹೇಳಿದೆ" ಎಂದರು. ಆಗ ನನಗೆ ಅರ್ಥವಾಯಿತು. "ಈಗ ಪುಸ್ತಕದಲ್ಲಿ ಬರೆದುಬಿಟ್ಟಿದ್ದೀಯ. ಬರೆದ ಮೇಲೆ ನನ್ನ ಕೈಲೂ ಏನೂ ಇಲ್ಲ."

ಚೆಲ್ಲುವಾಗ ಇಬ್ಬರಿರಬೇಕು, ಇಬ್ಬರೂ ಸಹಿ ಹಾಕಬೇಕು. ಚಾಕುವಿನಿಂದ ಮೇಣ ಕೆರೆದು ಬಿರಡೆ ಕಿತ್ತೆ. ಆ ಸಣ್ಣ ಕೋಣೆಯಲ್ಲಿ ನಮ್ಮ ಚಪ್ಪರದ ವಾಸನೆ ಎದ್ದಿತು. ಸಿಂಕಿಗೆ ಬಗ್ಗಿಸಿದಾಗ ಮೊದಲು ಗಳಗಳ ಎಂದು ನನ್ನ ಕೈಮೇಲೆಲ್ಲ ಬಂತು. ಒಂದು ಹನಿ ನಾಲಗೆಗೆ ಹಾಕಿಕೊಳ್ಳಬಹುದಿತ್ತು. ಡ್ಯೂಟಿಯಲ್ಲಿದ್ದೇನೆ ಎಂದು ಹಾಕಿಕೊಳ್ಳಲಿಲ್ಲ. ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ.

ಆ ಸಂಜೆ ಮೇಲಿನ ಡೆಕ್ಕಿನಲ್ಲಿ ಇಬ್ಬರೂ ಕಂಬಿ ಹಿಡಿದು ನಿಂತಿದ್ದೆವು. ಅವಳು ಸಮುದ್ರ ನೋಡಿದಳು. ಆಮೇಲೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದು, "ಕೈ ಯಾಕೆ ಇಷ್ಟು ತಣ್ಣಗಿದೆ?" ಎಂದಳು. ಗಾಳಿ ಎಂದೆ.

ಕೊನೆಯ ದಿನ ಚೀಟಿ ತೋರಿಸಿ, "ನನ್ನ ಬಾಟ್ಲು?" ಎಂದು ಕೇಳಿದಳು.

ನನ್ನ ಬಾಯಿಂದ ಹೊರಟದ್ದು ಇದು: "ಅದನ್ನ ಕ್ಯಾಪ್ಟನ್ ನೋಡಿದ್ರು ಕಣೆ. ಮನೇಲಿ ಮಾಡಿದ್ದು ಅಂದೆ. ಕೇಳಿದ್ರು, ಕೊಟ್ಬಿಟ್ಟೆ. ತುಂಬಾ ಚೆನ್ನಾಗಿದೆ ಅಂದ್ರು."

"ಹೌದಾ? ಎಷ್ಟು ಕುಡಿದ್ರು?"

"ಪೂರ್ತಿ."

"ಪಾಪ. ಲವಂಗ ಜಾಸ್ತಿ ಆಯ್ತು ಅಂದ್ಕೊಂಡಿದ್ದೆ" ಎಂದು ಚೀಟಿಯನ್ನು ಮತ್ತೆ ಪರ್ಸಿಗೆ ಹಾಕಿಕೊಂಡಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಂದಿನ ರಜೆ ಮುಗಿಸಿ ಹೊರಡುವಾಗ ಬಟ್ಟೆಯಲ್ಲಿ ಸುತ್ತಿದ ಒಂದು ಬಾಟಲಿ ತಂದಿಟ್ಟಳು. "ನಿಮ್ಮ ಕ್ಯಾಪ್ಟನ್‌ಗೆ. ಈ ಸಲ ಲವಂಗ ಎರಡೇ ಹಾಕಿದ್ದೀನಿ ಅಂತ ಹೇಳಿ." ಕೆಲಸಗಾರರು ಒಂದು ತೊಟ್ಟು ಮದ್ಯವನ್ನೂ ಒಳಗೆ ತರುವಂತಿಲ್ಲ. ಬೇಡ ಎಂದರೆ ಸುಳ್ಳು ಹೊರಗೆ ಬರುತ್ತದೆ. ಮುಂಬಯಿಯಲ್ಲಿ ನಾವು ಇಳಿದುಕೊಳ್ಳುತ್ತಿದ್ದ ಲಾಡ್ಜಿನ ವಾಚ್‌ಮನ್ ಒಬ್ಬ ಮುದುಕ ಇದ್ದ. ಅವನಿಗೆ ಕೊಟ್ಟೆ. ಊರಿಗೆ ಬಂದ ಮೇಲೆ ಇವಳು ಕೇಳಿದಳು, "ಏನಂದ್ರು ಕ್ಯಾಪ್ಟನ್?"

ವಾಚ್‌ಮನ್ ಹೇಳಿದ್ದನ್ನೇ ಹೇಳಿದೆ. "ಸಿಹಿ ಸ್ವಲ್ಪ ಜಾಸ್ತಿ ಅಂದ್ರು."

ಮುಂದಿನ ವರ್ಷ ಸಕ್ಕರೆ ಕಮ್ಮಿಯಾಯಿತು. ವಾಚ್‌ಮನ್ ಹುಳಿ ಎಂದ. ಅದರ ಮುಂದಿನ ವರ್ಷ ಇನ್ನೇನೋ ತಿದ್ದಿದಳು. ಹೀಗೆ ಒಂಬತ್ತು ಹತ್ತು ವರ್ಷ ಆ ಮುದುಕನ ನಾಲಗೆಗೆ ನನ್ನ ಹೆಂಡತಿ ವೈನ್ ಮಾಡಿದಳು. ಅಷ್ಟರಲ್ಲಿ ಹಡಗಿಗೆ ನಾಲ್ಕು ಜನ ಕ್ಯಾಪ್ಟನ್‌ಗಳು ಬಂದುಹೋದರು. ಯಾವ ಕ್ಯಾಪ್ಟನ್ ಎಂದು ಅವಳು ಒಂದು ಸಲವೂ ಕೇಳಲಿಲ್ಲ. "ನೀವೂ ಒಂದ್ಲೋಟ ನೋಡ್ತೀರಾ?" ಎಂದು ಒಮ್ಮೆ ನನ್ನನ್ನು ಕೇಳಿದ್ದಳು. ನನಗೆ ರಮ್ಮೇ ಸರಿ ಎಂದಿದ್ದೆ. ಆ ಬಾಟಲಿ ನೋಡಿದರೆ ನನಗೆ ಸಿಂಕು ನೆನಪಾಗುತ್ತಿತ್ತು.

ಕೊನೆಕೊನೆಗೆ ಹಳದಿ ಚೀಟಿಗಳೂ ಹೋದವು. ಬಾಟಲಿಗೆ ಸ್ಟಿಕ್ಕರ್ ಅಂಟಿಸಿ ಗುಂಡಿ ಒತ್ತಿದರೆ ಹೆಸರು, ಕೋಣೆ ಎಲ್ಲ ಬರುತ್ತಿತ್ತು. ಕೋಣೆ ಬದಲಾದರೂ ಅದಕ್ಕೆ ಗೊತ್ತಾಗುತ್ತಿತ್ತು. ತಪ್ಪುಗಳು ಕಮ್ಮಿಯಾದವು. ಗುರುಂಗ್ ಸಾಹೇಬರು ನನಗಿಂತ ಮುಂಚೆ ನಿವೃತ್ತರಾದರು. ಹೋಗುವ ದಿನ ನನ್ನನ್ನು ಕರೆದು ಟೀ ಕುಡಿಸಿದರು.

ನನ್ನ ಕೆಲಸ ಮಂಡಿನೋವಿನಿಂದ ಒಪ್ಪಂದದ ನಡುವೆಯೇ ಮುಗಿಯಿತು. ಆ ವರ್ಷವೂ ಅವಳು ವೈನ್ ಮಾಡಿಟ್ಟಿದ್ದಳಂತೆ. ನಾನು ಕೇಳಲಿಲ್ಲ. ಮುಂದಿನ ವರ್ಷ ಭರಣಿ ಖಾಲಿ ಇದ್ದದ್ದು ನೋಡಿ ಯಾಕೆ ಎಂದರೆ, "ಕ್ಯಾಪ್ಟನ್ ಇಲ್ವಲ್ಲ, ಯಾರಿಗೆ ಮಾಡ್ಲಿ?" ಎಂದು ಎದ್ದುಹೋದಳು. ಆಮೇಲೆ ಅವಳ ಕಾಯಿಲೆ, ಆಸ್ಪತ್ರೆ. ಅದನ್ನು ಬರೆಯಲಾರೆ.

ವರ್ಷದ ಕಾರ್ಯ ಮುಗಿದು, ಈ ಸಲದ ಪಿತೃಪಕ್ಷದಲ್ಲಿ ಹಿರಿಯರ ಜೊತೆ ಅವಳಿಗೂ ಮೊದಲ ಎಡೆ ಇಡಬೇಕಾಯಿತು. ಹೋದವರು ಇಷ್ಟಪಟ್ಟದ್ದನ್ನು ಎಲೆಯ ಮೇಲೆ ಬಡಿಸಿ, ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮ ಪದ್ಧತಿ. ನಮ್ಮಪ್ಪನಿಗೆ ಕೋಳಿ ಸಾರು, ಮುದ್ದೆ, ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಜಯಮ್ಮನಿಗೆ ಏನು? ಎಂದು ಸರೋಜ ಕೇಳಿದಳು. ಜಯಮ್ಮ ನಮಗೆ ಬಡಿಸಿ ಆಮೇಲೆ ಒಳಗೆ ಕೂತು ಉಣ್ಣುತ್ತಿದ್ದಳು. ಅವಳ ತಟ್ಟೆಯನ್ನು ನಾನು ನೋಡಿದ್ದೇ ಕಮ್ಮಿ.

ಸರೋಜ ಮುದ್ದೆಗೆ ಹಿಟ್ಟು ಮಾಡಿಸಬೇಕೆಂದು, ಜಯಮ್ಮ ಹೋದ ಮೇಲೆ ಯಾರೂ ಮುಟ್ಟದಿದ್ದ ರಾಗಿ ಡ್ರಮ್ಮಿಗೆ ಕೈ ಹಾಕಿದವಳು, "ಭಾವ, ಇಲ್ಲಿ ಬನ್ನಿ" ಎಂದು ಕೂಗಿದಳು. ಡ್ರಮ್ಮಿನ ತಳದಲ್ಲಿ, ರಾಗಿಯಲ್ಲಿ ಹುದುಗಿಸಿಟ್ಟ ಒಂದು ಬಾಟಲಿ. ಮೇಲೆ ಮೇಣ. ಕತ್ತಿಗೆ ದಾರದಲ್ಲಿ ಕಟ್ಟಿದ ಅರ್ಧ ಹಳದಿ ಚೀಟಿ. ನನ್ನ ಅಕ್ಷರ. ಕೋಣೆಯ ನಂಬರು, ಅವಳ ಹೆಸರು.

ಚೀಟಿಗೆ ಅಂಟಿದ್ದ ರಾಗಿ ಒರೆಸಿ ಮತ್ತೆ ಓದಿದೆ.

"ಅಕ್ಕಂಗೆ ಆವತ್ತೇ ಗೊತ್ತಿತ್ತು ಭಾವ" ಎಂದಳು ಸರೋಜ.

"ಏನು?"

"ನೀವು ಚೆಲ್ಲಿದ್ದು. ಕೊಚ್ಚಿಯಿಂದ ಬಂದವಳೇ ಹೇಳಿದ್ಲು. ಕೈ ಹಿಡ್ಕೊಂಡ್ರೆ ಕೈಯೆಲ್ಲಾ ದ್ರಾಕ್ಷಿ ವಾಸ್ನೆ ಕಣೆ, ಸೋಪು ಬೇರೆ ಹಾಕಿ ತೊಳೆದಿದ್ದಾರೆ ಅಂತ."

"ಮತ್ತೆ ವರ್ಷಾ ವರ್ಷಾ ಕ್ಯಾಪ್ಟನ್‌ಗೆ ಅಂತ ಯಾಕೆ ಕೊಡ್ತಿದ್ಲು?"

"ನಾನೂ ಕೇಳ್ದೆ. ನಕ್ಕಳು ಅಷ್ಟೆ."

"ಹಡಗಿಗೆ ತಂದಿದ್ದು ಯಾರಿಗೆ ಅಂತ?"

ಸರೋಜ ನನ್ನನ್ನು ನೋಡಿದಳು. "ಅಲ್ಲ ಭಾವ, ನಿಮ್ಗೇ ಅಲ್ದೆ ಇನ್ಯಾರಿಗೆ? ಇಬ್ರೂ ಸಮುದ್ರ ನೋಡ್ತಾ ಒಂದೊಂದು ಲೋಟ ಕುಡೀತೀವಿ ಕಣೆ, ಊರಲ್ಲಾದ್ರೆ ನಾಲ್ಕು ಜನ ನೋಡ್ತಾರೆ ಅಂತ ಹೇಳಿ ತಗೊಂಡೋಗಿದ್ಲು."

ಹೊರಗಿನಿಂದ ನಮ್ಮಣ್ಣ ಬಂದ. ನಾನು ಬಾಟಲಿಯನ್ನು ಎಡೆಗೆ ಇಡುತ್ತೇನೆ ಎಂದದ್ದು ಕೇಳಿ ಸಿಟ್ಟಾದ.

"ಲೋ, ಅಪ್ಪನಿಗೆ ಬ್ರಾಂದಿ ಇಡೋದು ಸರಿ. ಹೆಂಗಸಿಗೆ ಇಡ್ತಾರೇನೋ? ಅವಳೇನು ಕುಡೀತಿದ್ಲಾ?"

"ಗೊತ್ತಿಲ್ಲ ಅಣ್ಣ."

"ಕಟ್ಕೊಂಡೋನಿಗೇ ಗೊತ್ತಿಲ್ವಾ?"

"ಇಲ್ಲ ಅಣ್ಣ. ಬಾಟ್ಲು ಅವಳದ್ದು. ವಾಪಸ್ ಕೊಡ್ತೀನಿ ಅಂದಿದ್ದೆ."

ಅವನಿಗೆ ಏನೂ ಅರ್ಥವಾಗಲಿಲ್ಲ. ನನಗೂ ಪೂರ್ತಿ ಅರ್ಥವಾಗಿಲ್ಲ. ಹತ್ತು ವರ್ಷ ಅವಳು ನನ್ನನ್ನು ಆಟ ಆಡಿಸಿದಳೋ, ನಾನೇ ಬಾಯಿ ಬಿಡಲಿ ಎಂದು ಕಾದಳೋ, ನನ್ನ ಸುಳ್ಳು ಬೀಳದಿರಲಿ ಎಂದು ತಾನೇ ಒಂದು ಕೈ ಕೊಟ್ಟು ಹಿಡಿದಿದ್ದಳೋ. ದಿನಕ್ಕೊಂದು ಥರ ಅನ್ನಿಸುತ್ತದೆ. ಕೊನೆಯ ಬಾಟಲಿಗೆ ಆ ಚೀಟಿ ಕಟ್ಟಿದ್ದು ಯಾಕೆ, ಯಾವಾಗ, ಅದೂ ತಿಳಿಯದು.

ಹಡಗಿಗೆ ಹೊರಟಿರುವ ನಿಮ್ಮಿಬ್ಬರಿಗೆ ಹೇಳಬೇಕೆಂದಿದ್ದು ಇಷ್ಟೇ. ನಿಯಮ ಕಲಿಯಿರಿ. ಹೆಸರು ಸರಿಯಾಗಿ ಬರೆಯಿರಿ. ನಿಮ್ಮ ಮೇಲಿನವರು ಒಳ್ಳೆಯವರಾಗಿದ್ದು, ಹೋಗಿ ಟೀ ಕುಡಿದು ಬಾ ಎಂದರೆ, ಹೋಗಿ. ಮತ್ತೆ, ಚೆಲ್ಲಿದ್ದನ್ನು ಚೆಲ್ಲಿದೆ ಎಂದು ಆವತ್ತೇ ಹೇಳಿಬಿಡಿ.

ಎಲೆಯ ಮುಂದೆ ಬಾಟಲಿಯಿಟ್ಟು, ಚೀಟಿ ಅವಳ ಫೋಟೋದ ಕಡೆಗೆ ತಿರುಗಿಸಿ, ಹೊರಗೆ ಬಂದು ಬಾಗಿಲು ಹಾಕಿದೆ. ಬಾಗಿಲ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಅಣ್ಣ ಸಾಕು ಎಂದ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿ ಒಳಗೆ ಹೋದೆ. ಎಡೆಗೆ ಇಟ್ಟದ್ದನ್ನು ಮನೆಯವರು ಹಂಚಿಕೊಳ್ಳಬೇಕು. ಮೇಣ ಕೆರೆದು ಬಿರಡೆ ಕಿತ್ತೆ. ಎರಡು ಲೋಟ ಇಟ್ಟುಕೊಂಡು, ಒಂದನ್ನು ಅವಳ ಎಲೆಯ ಮುಂದಿಟ್ಟು, ಒಂದನ್ನು ನಾನು ಕುಡಿದೆ. ಹುಳಿಯಾಗಿತ್ತು. ಕೊನೆಯಲ್ಲಿ ಲವಂಗ ಬಂತು.

ಬಗ್ಗಿಸುವಾಗ ಕೈಮೇಲೆ ಸ್ವಲ್ಪ ಚೆಲ್ಲಿತ್ತು. ಸರೋಜ ನೀರಿನ ಚೊಂಬು ತಂದಳು. ಬೇಡಮ್ಮ ಎಂದೆ. ಆ ದಿನ ಕೈ ತೊಳೆಯಲಿಲ್ಲ.